ಪ್ರತಿಭಟನೆಗೆ ಫ್ರೀಡಂ ಪಾರ್ಕ್ ಒಂದೇ ಸಾಕಾ? ಊರಿನ ಶಿಸ್ತು ಮತ್ತು ನಮ್ಮ ಸ್ವಾತಂತ್ರ್ಯದ ಬಗ್ಗೆ ಒಂದು ಚರ್ಚೆ

ಹನುಮಂತನಗರದವನು

ಬೆಂಗಳೂರಲ್ಲಿ ನಾಲ್ಕು ಜನ ಸೇರಿ ಬೀದಿಯಲ್ಲಿ ನಿಂತು ಏನಾದರೂ ಕೇಳಬೇಕು ಅಂದರೆ ಈಗ ಇರುವುದು ಒಂದೇ ಜಾಗ, ಫ್ರೀಡಂ ಪಾರ್ಕ್. ಹಿಂದೆ ಹೀಗಿರಲಿಲ್ಲ. ಟೌನ್ ಹಾಲ್ ಮೆಟ್ಟಿಲು ಇತ್ತು, ಮೈಸೂರು ಬ್ಯಾಂಕ್ ಸರ್ಕಲ್ ಇತ್ತು, ಮೌರ್ಯ ಸರ್ಕಲ್‌ನ ಗಾಂಧಿ ಪ್ರತಿಮೆ ಇತ್ತು. ಮೆರವಣಿಗೆಗಳಿಂದ ರಸ್ತೆ ನಿಲ್ಲುತ್ತಿದೆ ಎಂದು 2021ರಲ್ಲಿ ಹೈಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಆಮೇಲೆ ಸರ್ಕಾರ ಬೆಂಗಳೂರು ನಗರಕ್ಕೆಂದೇ ಒಂದು ಆದೇಶ ತಂದಿತು. ಪೊಲೀಸರ ಅನುಮತಿ ಬೇಕು, ಜಾಗ ಅದೊಂದೇ.

ನಾನು ಕೆಲಸ ಮಾಡುವುದು ಆನಂದರಾವ್ ಸರ್ಕಲ್ ಹತ್ತಿರ. ಶೇಷಾದ್ರಿ ರಸ್ತೆ ಜಾಮ್ ಆದಾಗ ಸಿಕ್ಕಿಕೊಳ್ಳುವವರಲ್ಲಿ ನಾನೂ ಒಬ್ಬ. ಶಿಸ್ತು ಬೇಡ ಎಂದು ನಾನು ಹೇಳುತ್ತಿಲ್ಲ. ಆದರೆ ಊರಿನ ಏಳಿಗೆಯ ಹೆಸರಲ್ಲಿ ಸ್ವಾತಂತ್ರ್ಯಕ್ಕೆ ಬೇಲಿ ಹಾಕುವಾಗ ಆ ಬೇಲಿ ಯಾರ ಸುತ್ತ ಬೀಳುತ್ತಿದೆ ಎಂದು ನಾವು ಕೇಳುವುದೇ ಇಲ್ಲ. ಮಂತ್ರಿಯ ಮನೆಗೆ ನೇರವಾಗಿ ಹೋಗಿ ಕೂರುವವನಿಗೆ ಬೀದಿ ಬೇಕಾಗಿಲ್ಲ. ಬೇರೆ ದಾರಿ ಇಲ್ಲದವನಿಗೇ ಬೀದಿ ಬೇಕು.

ಆ ಪಾರ್ಕ್ ಮೊದಲು ಏನಾಗಿತ್ತು ಎಂಬುದನ್ನೂ ನೆನಪಿಡಬೇಕು. ಅದು ಹಳೆ ಸೆಂಟ್ರಲ್ ಜೈಲು. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಅವರನ್ನು ಅಲ್ಲಿಟ್ಟಿದ್ದರು. ನಟಿ ಸ್ನೇಹಲತಾ ರೆಡ್ಡಿ ಅವರನ್ನು 1976ರಲ್ಲಿ ಅಲ್ಲಿಗೆ ಕಳಿಸಿದರು. ಅವರಿಗೆ ಜೋರಾದ ಅಸ್ತಮಾ ಇತ್ತು. 1977ರ ಜನವರಿ 15ಕ್ಕೆ ಪೆರೋಲ್ ಮೇಲೆ ಬಿಟ್ಟರು. ಐದೇ ದಿನಕ್ಕೆ ತೀರಿಕೊಂಡರು. ರೈಲು ಟೈಮಿಗೆ ಸರಿಯಾಗಿ ಬರುತ್ತಿದೆ, ಆಫೀಸಿನಲ್ಲಿ ಜನ ಕೆಲಸ ಮಾಡುತ್ತಿದ್ದಾರೆ ಎಂದು ಆ ಕಾಲವನ್ನು ಮೆಚ್ಚಿಕೊಂಡವರು ಕಡಿಮೆ ಇರಲಿಲ್ಲ. ಇವತ್ತಿನ ಆದೇಶ ತುರ್ತು ಪರಿಸ್ಥಿತಿಗೆ ಸಮ ಎಂದು ನಾನು ಹೇಳುವುದಿಲ್ಲ, ಅದು ಅತಿಯಾಗುತ್ತದೆ. ಎಲ್ಲಿಯವರೆಗೆ ಒಪ್ಪಬಹುದು, ಎಲ್ಲಿಂದಾಚೆ ಒಪ್ಪಬಾರದು ಎಂಬುದೇ ನನ್ನ ಪ್ರಶ್ನೆ. ನಿಮಗೆಲ್ಲ ಏನನ್ನಿಸುತ್ತದೆ?

ಪೀಣ್ಯ ಎರಡನೇ ಹಂತ

ನನಗಂತೂ ಆ ಆದೇಶ ಸರಿಯಾಗಿಯೇ ಇದೆ. ನಂದು ಸಣ್ಣ ವರ್ಕ್‌ಶಾಪ್, ಬಿಡಿಭಾಗ ಮಾಡಿ ಕೊಡುತ್ತೇವೆ. ಮಾಲು ಹೇಳಿದ ಟೈಮಿಗೆ ತಲುಪದಿದ್ದರೆ ಬಿಲ್ಲಿನಲ್ಲಿ ದುಡ್ಡು ಹಿಡಿಯುತ್ತಾರೆ. ರಸ್ತೆ ತಡೆ ಆದ ದಿನ ನನ್ನ ಹುಡುಗರ ಓಟಿ ನಾನು ಕೊಡಬೇಕು, ಗಾಡಿ ಬಾಡಿಗೆ ನಾನು ಕೊಡಬೇಕು. ಪ್ರತಿಭಟನೆ ಮಾಡಿದವರು ಕೊಡುತ್ತಾರಾ? ಹಕ್ಕು ಅವರದು, ಖರ್ಚು ನನ್ನದು. ಇದು ಯಾವ ನ್ಯಾಯ?

ಎಸ್. ಎಂ. ಕೃಷ್ಣ ಮುಖ್ಯಮಂತ್ರಿ ಆಗಿದ್ದಾಗ ಬೆಂಗಳೂರನ್ನು ಸಿಂಗಪುರ ಮಾಡುತ್ತೇವೆ ಎನ್ನುತ್ತಿದ್ದರು. ಸಿಂಗಪುರ ಹೇಗಾಯಿತು ನೋಡಿ. 1965ರಲ್ಲಿ ಮಲೇಷ್ಯಾದಿಂದ ಬೇರೆಯಾದಾಗ ಅವರ ಹತ್ತಿರ ಕುಡಿಯುವ ನೀರೂ ಸಾಕಾಗುವಷ್ಟು ಇರಲಿಲ್ಲ. ಕಾನೂನು ಬಿಗಿ ಮಾಡಿದರು, ಬಂಡವಾಳ ಬಂತು, ಊರು ಬೆಳೆಯಿತು. 1992ರಲ್ಲಿ ಚೂಯಿಂಗ್ ಗಮ್ ಮಾರಾಟವನ್ನೇ ನಿಲ್ಲಿಸಿದರು. ಅಲ್ಲಿ ಭಾಷಣ ಮಾಡಬೇಕಾದರೆ ಹಾಂಗ್ ಲಿಮ್ ಪಾರ್ಕ್‌ನಲ್ಲಿ ಒಂದು ಮೂಲೆ ಕೊಟ್ಟಿದ್ದಾರೆ, ಅಲ್ಲಿ ಮಾತ್ರ. ನಮ್ಮ ಫ್ರೀಡಂ ಪಾರ್ಕ್ ಥರಾನೇ. ಹೊಟ್ಟೆ ತುಂಬಿದ ಮೇಲೆ ತಾನೇ ಬೇರೆ ಮಾತು?

ವಾರ್ಡ್ ಸಿಸ್ಟರ್

ನಾನು ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು. ಪಾರ್ಶ್ವವಾಯು ಹೊಡೆದವರಿಗೆ ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಡಬೇಕಾದರೆ ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯ ಒಳಗೆ ಕೊಡಬೇಕು. ಮನೆಯವರಿಗೆ ಏನಾಗಿದೆ ಎಂದು ಗೊತ್ತಾಗುವುದರಲ್ಲೇ ಅರ್ಧ ಸಮಯ ಹೋಗಿರುತ್ತದೆ. ಉಳಿದದ್ದು ರಸ್ತೆಯಲ್ಲಿ ಹೋದರೆ ಆ ಮನುಷ್ಯನ ಕೈಕಾಲು ಹೋದ ಹಾಗೆ. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಹಾಗಾಗಿ ರಸ್ತೆ ಅಂದರೆ ಬರೀ ಅನುಕೂಲದ ವಿಷಯ ಎಂದು ಯಾರೂ ಮಾತಾಡಬೇಡಿ.

ಇನ್ನೊಂದು ಮಾತು. ರಸ್ತೆ ನಿಂತದ್ದು ಪ್ರತಿಭಟನೆಯಿಂದಲೋ, ದೊಡ್ಡವರ ಕಾರು ಹೋಗುತ್ತದೆ ಎಂದೋ, ಚುನಾವಣೆಯ ರೋಡ್‌ಶೋದಿಂದಲೋ, ಆಂಬುಲೆನ್ಸ್ ಒಳಗಿರುವ ರೋಗಿಗೆ ವ್ಯತ್ಯಾಸ ಇಲ್ಲ. ನಿಯಮ ಮಾಡುವುದಾದರೆ ಎಲ್ಲರಿಗೂ ಮಾಡಿ. ಅಂಗನವಾಡಿ ಕಾರ್ಯಕರ್ತೆಯರಿಗೆ ಪಾರ್ಕ್, ರೋಡ್‌ಶೋಗೆ ಇಡೀ ರಸ್ತೆ ಅಂತಾದರೆ ಅದನ್ನು ಶಿಸ್ತು ಎನ್ನಲಾಗುವುದಿಲ್ಲ.

ಬೊಮ್ಮನಹಳ್ಳಿ ಟೈಲರ್

ಪೀಣ್ಯದ ಅಣ್ಣಾವ್ರೇ, 2016ರ ಏಪ್ರಿಲ್‌ನಲ್ಲಿ ನಿಮ್ಮ ಗಾಡಿ ನಿಂತಿದ್ದರೆ ಅದನ್ನು ನಿಲ್ಲಿಸಿದವರಲ್ಲಿ ನಾನೂ ಇದ್ದೆ. ಏಕೆ ನಿಲ್ಲಿಸಿದೆವು ಎಂದು ಕೇಳಿ.

ನಮ್ಮ ಪಿಎಫ್ ದುಡ್ಡಿನಲ್ಲಿ ಮಾಲೀಕರ ಪಾಲನ್ನು 58 ವರ್ಷ ಆಗುವವರೆಗೆ ತೆಗೆಯುವ ಹಾಗಿಲ್ಲ ಎಂದು ಕೇಂದ್ರ ಸರ್ಕಾರ ನಿಯಮ ತಂದಿತ್ತು. ಗಾರ್ಮೆಂಟ್ಸ್‌ನಲ್ಲಿ 58ರವರೆಗೆ ಯಾರನ್ನು ಇಟ್ಟುಕೊಳ್ಳುತ್ತಾರೆ? ಕಣ್ಣು ಹೋಗುತ್ತದೆ, ಸೊಂಟ ಹೋಗುತ್ತದೆ, ನಲವತ್ತೈದಕ್ಕೇ ಸಾಕಾಗಿರುತ್ತದೆ. ಕೆಲಸ ಬಿಟ್ಟಾಗ ಸಿಗುವ ಆ ದುಡ್ಡಿನಲ್ಲೇ ಮಕ್ಕಳ ಫೀಸು, ಕೈಸಾಲ, ಮಗಳ ಮದುವೆ ಎಲ್ಲ. ನಮಗೆ ಬೇರೆ ಉಳಿತಾಯ ಅಂತ ಏನೂ ಇರುವುದಿಲ್ಲ.

ಯಾರನ್ನು ಕೇಳಬೇಕಿತ್ತು ಹೇಳಿ? ಸೂಪರ್‌ವೈಸರ್‌ಗೆ ಗೊತ್ತಿಲ್ಲ. ಎಚ್‌ಆರ್ ನಮಗೂ ಅದಕ್ಕೂ ಸಂಬಂಧ ಇಲ್ಲ ಎಂದರು. ನಮ್ಮಲ್ಲಿ ಜಾಸ್ತಿ ಜನಕ್ಕೆ ಯೂನಿಯನ್ ಅಂದರೆ ಏನು ಎಂದೇ ಗೊತ್ತಿರಲಿಲ್ಲ. ಏಪ್ರಿಲ್ 18ಕ್ಕೆ ಫ್ಯಾಕ್ಟರಿ ಬಿಟ್ಟು ಹೊಸೂರು ರಸ್ತೆಗೆ ಬಂದೆವು. ಯಾವ ಲೀಡರೂ ಕರೆದಿರಲಿಲ್ಲ. ಮರುದಿನ ಮೈಸೂರು ರಸ್ತೆ, ಪೀಣ್ಯ ಕಡೆಯ ಹೆಣ್ಣುಮಕ್ಕಳೂ ಇಳಿದರು. ಅವತ್ತೇ, 19ಕ್ಕೆ, ಸರ್ಕಾರ ಆ ನಿಯಮ ವಾಪಸ್ ತೆಗೆದುಕೊಂಡಿತು. ನಮಗೆ ಮಾತ್ರ ಅಲ್ಲ, ಇಡೀ ದೇಶದ ಪಿಎಫ್‌ದಾರರಿಗೆ. ಆಫೀಸಿನಲ್ಲಿ ಕೂತು ಕೆಲಸ ಮಾಡುವವರಿಗೂ ಅದರ ಲಾಭ ಸಿಕ್ಕಿತು. ಅವತ್ತು ನಮ್ಮನ್ನು ಫ್ರೀಡಂ ಪಾರ್ಕ್‌ಗೆ ಕಳಿಸಿದ್ದರೆ ದೆಹಲಿಯವರೆಗೆ ಕೇಳಿಸುತ್ತಿತ್ತಾ? ನನಗೆ ನಂಬಿಕೆ ಇಲ್ಲ.

ಪೀಣ್ಯ ಎರಡನೇ ಹಂತ

ಅಕ್ಕ, ನಿಮ್ಮ ಬೇಡಿಕೆ ನ್ಯಾಯವಾಗಿತ್ತು, ಒಪ್ಪುತ್ತೇನೆ. ಆದರೆ ಅದೇ 19ನೇ ತಾರೀಕು ಬಸ್ ಸುಟ್ಟರು, ಹೆಬ್ಬಗೋಡಿ ಪೊಲೀಸ್ ಠಾಣೆಯ ಹತ್ತಿರ ವಾಹನಗಳಿಗೆ ಬೆಂಕಿ ಬಿತ್ತು. ಅದನ್ನೂ ಹೇಳಬೇಕು ಅಲ್ವಾ?

ಬೊಮ್ಮನಹಳ್ಳಿ ಟೈಲರ್

ಹೌದು, ಆಯಿತು. ಅದು ತಪ್ಪು. ಬೆಂಕಿ ಹಚ್ಚಿದವರನ್ನು ಹಿಡಿಯಬೇಕಾಗಿತ್ತು. ಆದರೆ ಲಾಠಿ ಬಿದ್ದದ್ದು ಬರೀ ನಿಂತಿದ್ದವರ ಮೇಲೂ.

ನಿವೃತ್ತ ಮೇಷ್ಟ್ರು, ಬಸವನಗುಡಿ

ಇಲ್ಲಿ ಅಂಬೇಡ್ಕರ್ ಅವರ ಮಾತನ್ನು ತರಲೇಬೇಕು. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅವರು ಮಾಡಿದ ಕೊನೆಯ ದೊಡ್ಡ ಭಾಷಣದಲ್ಲಿ ಈ ವಿಷಯ ಬಂದಿದೆ. ಸ್ವಾತಂತ್ರ್ಯ ಬಂದಾಯಿತು, ಇನ್ನು ಕಾನೂನು ಭಂಗ, ಅಸಹಕಾರ, ಸತ್ಯಾಗ್ರಹದ ದಾರಿಯನ್ನು ಬಿಡಬೇಕು, ಅದು ಅರಾಜಕತೆಯ ವ್ಯಾಕರಣ ಎಂದು ಅವರು ಹೇಳಿದರು. ಇಷ್ಟು ಕಟುವಾಗಿ ಹೇಳಿದವರು ಯಥಾಸ್ಥಿತಿ ಬೇಕು ಎನ್ನುವ ಮನುಷ್ಯರಲ್ಲ. ದಲಿತರಿಗೆ ಮುಟ್ಟಲು ಬಿಡದಿದ್ದ ಮಹಾಡದ ಕೆರೆಯ ನೀರಿಗೆ ಕೈಹಾಕಿದವರು. ಹಾಗಾಗಿ ಅವರ ಮಾತಿಗೆ ತೂಕ ಜಾಸ್ತಿ.

ನನ್ನ ಅಭಿಪ್ರಾಯವೂ ಹೆಚ್ಚುಕಡಿಮೆ ಅದೇ. ಬೀದಿಯಲ್ಲಿ ಗೆಲ್ಲುವುದು ಯಾವಾಗಲೂ ನ್ಯಾಯವಾದ ಬೇಡಿಕೆಯೇ ಅಲ್ಲ. ಜನ ಜಾಸ್ತಿ ಇರುವವನು ಗೆಲ್ಲುತ್ತಾನೆ. ಇವತ್ತು ಗಾರ್ಮೆಂಟ್ಸ್ ತಾಯಂದಿರು ಗೆದ್ದರು, ಸಂತೋಷ. ನಾಳೆ ಒಂದು ಸಣ್ಣ ಜಾತಿಯ ಅಥವಾ ಧರ್ಮದ ಜನರ ವಿರುದ್ಧ ಐವತ್ತು ಸಾವಿರ ಜನ ಬೀದಿಗೆ ಇಳಿದರೆ? ಅಂಥ ದಿನ ಆ ಸಣ್ಣ ಜನರ ಸ್ವಾತಂತ್ರ್ಯ ಉಳಿಯುವುದು ಸುವ್ಯವಸ್ಥೆಯಿಂದಲೇ. ಕಾನೂನು ಗಟ್ಟಿಯಿರುವ ಊರಲ್ಲೇ ಬಲ ಇಲ್ಲದವನು ಬದುಕುವುದು.

ಹನುಮಂತನಗರದವನು

ಮೇಷ್ಟ್ರೇ, ನಿಮ್ಮ ಕೊನೆಯ ಮಾತು ನನ್ನನ್ನು ಯೋಚನೆಗೆ ಹಚ್ಚಿತು. ಗುಂಪಿನ ಬಲವನ್ನು ಸ್ವಾತಂತ್ರ್ಯ ಎಂದು ಕರೆಯಬಾರದು, ಒಪ್ಪಿದೆ.

ಆದರೆ ಅಂಬೇಡ್ಕರ್ ಆ ಮಾತಿಗೆ ಒಂದು ಷರತ್ತು ಇಟ್ಟಿದ್ದರು. ಸಂವಿಧಾನದ ದಾರಿಗಳು ತೆರೆದಿರುವಾಗ ಬೇರೆ ದಾರಿಗೆ ಸಮರ್ಥನೆ ಇಲ್ಲ ಎಂದರು. ತೆರೆದಿರುವಾಗ. ಬೆಂಗಳೂರಲ್ಲಿ ಆ ದಾರಿ ತೆರೆದಿದೆಯಾ ನೋಡೋಣ. ಪಾಲಿಕೆಗೆ ಕೊನೆಯ ಚುನಾವಣೆ ನಡೆದದ್ದು 2015ರಲ್ಲಿ. ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್‌ಗೆ ಮುಗಿಯಿತು. ಅವಧಿ ಮುಗಿಯುವ ಮೊದಲೇ ಚುನಾವಣೆ ಮಾಡಬೇಕು ಎಂದು ಸಂವಿಧಾನದ 243ಯು ವಿಧಿ ಹೇಳುತ್ತದೆ. ಆದರೂ ಐದು ವರ್ಷಕ್ಕೂ ಜಾಸ್ತಿ ಕಾಲ ಈ ಊರನ್ನು ಒಬ್ಬ ಕಾರ್ಪೊರೇಟರೂ ಇಲ್ಲದೆ ನಡೆಸಿದರು. 198 ವಾರ್ಡ್‌ಗಳ ಜನ ಮೋರಿ, ಕಸ, ಬೀದಿ ದೀಪಕ್ಕೆ ಯಾರ ಮನೆ ಬಾಗಿಲು ತಟ್ಟಬೇಕಿತ್ತು? 2025ರ ಸೆಪ್ಟೆಂಬರ್‌ನಲ್ಲಿ ಊರನ್ನು ಐದು ಪಾಲಿಕೆ ಮಾಡಿದರು. ಅದನ್ನೂ ಜನರ ಪ್ರತಿನಿಧಿಗಳಿದ್ದ ಯಾವ ಪಾಲಿಕೆ ಸಭೆಯೂ ಚರ್ಚಿಸಲಿಲ್ಲ, ಏಕೆಂದರೆ ಸಭೆಯೇ ಇರಲಿಲ್ಲ.

ಓಟಿನ ದಾರಿ ನಿಲ್ಲಿಸಿ, ಬೀದಿಯ ದಾರಿಯನ್ನೂ ಕಿರಿದು ಮಾಡಿದರೆ ಆಗ ಉಳಿಯುವುದೇನು? ಕಾನೂನು ಗಟ್ಟಿ ಇರಲಿ ಎನ್ನುತ್ತೀರಿ. ಆ ಕಾನೂನು ಸರ್ಕಾರದ ಮೇಲೂ ಅಷ್ಟೇ ಗಟ್ಟಿಯಾಗಿ ನಿಲ್ಲಬೇಕಲ್ವಾ?

ಕೋರ್ಟ್ ಹಾಲ್ 6

ವಕೀಲ ನಾನು. ಕಾನೂನಿನ ಕಡೆಯಿಂದ ಸ್ವಲ್ಪ ವಿವರ ಹೇಳುತ್ತೇನೆ, ಉದ್ದ ಆದರೆ ಕ್ಷಮಿಸಿ.

ಶಾಂತಿಯಿಂದ, ಆಯುಧ ಇಲ್ಲದೆ ಸೇರುವ ಹಕ್ಕು 19ನೇ ವಿಧಿಯಲ್ಲಿದೆ. ಅದೇ ವಿಧಿಯಲ್ಲಿ ಸಾರ್ವಜನಿಕ ಸುವ್ಯವಸ್ಥೆಗಾಗಿ ಸಮಂಜಸವಾದ ನಿರ್ಬಂಧ ಹಾಕಬಹುದು ಎಂದೂ ಇದೆ. ಇಡೀ ಜಗಳ ಇರುವುದು ಸಮಂಜಸ ಅಂದರೆ ಎಷ್ಟು ಎಂಬುದರಲ್ಲಿ. ಇದಕ್ಕೆ ಈಗ ಒಂದು ಅಳತೆ ಇದೆ. ಅದು ಬಂದದ್ದು ನಮ್ಮ ಬೆಂಗಳೂರಿನವರೇ ಹಾಕಿದ ಅರ್ಜಿಯಿಂದ. ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ ಆಧಾರ್ ವಿರುದ್ಧ ಸುಪ್ರೀಂ ಕೋರ್ಟ್‌ಗೆ ಹೋದರು. ಆಗ ಅವರಿಗೆ ಎಂಬತ್ತು ದಾಟಿತ್ತು. 2017ರ ಆಗಸ್ಟ್ 24ಕ್ಕೆ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದಿತು. ಆ ತೀರ್ಪು ಕೊಟ್ಟ ಅಳತೆ ಇದು: ಹಕ್ಕನ್ನು ಮೊಟಕು ಮಾಡಬೇಕಾದರೆ ಅದಕ್ಕೊಂದು ಕಾನೂನು ಇರಬೇಕು, ನಿಜವಾದ ಅಗತ್ಯ ಇರಬೇಕು, ಹಾಕುವ ಕಡಿವಾಣ ಆ ಅಗತ್ಯಕ್ಕೆ ತಕ್ಕಷ್ಟೇ ಇರಬೇಕು. ತುರ್ತು ಪರಿಸ್ಥಿತಿಯಲ್ಲಿ ಬಂಧನವನ್ನು ಕೋರ್ಟ್‌ನಲ್ಲಿ ಪ್ರಶ್ನಿಸುವ ಹಾಗಿಲ್ಲ ಎಂದು 1976ರಲ್ಲಿ ಬಂದಿದ್ದ ತೀರ್ಪನ್ನೂ ಅದೇ ಪೀಠ ತೆಗೆದುಹಾಕಿತು. 1976ರ ಆ ಪೀಠದಲ್ಲಿ ಬೇರೆ ಮಾತು ಹೇಳಿದ್ದವರು ಎಚ್. ಆರ್. ಖನ್ನಾ ಒಬ್ಬರೇ.

ಈ ಅಳತೆ ಇಟ್ಟು 2019ರ ಡಿಸೆಂಬರ್ ನೋಡಿ, ಪೌರತ್ವ ತಿದ್ದುಪಡಿ ಕಾಯ್ದೆ ವಿರುದ್ಧ ಪ್ರತಿಭಟನೆ ನಡೆಯುತ್ತಿದ್ದ ಸಮಯ. ಊರಿಗೆಲ್ಲ 144ನೇ ಸೆಕ್ಷನ್ ಹಾಕಿದರು. ಮೊದಲೇ ಕೊಟ್ಟಿದ್ದ ಅನುಮತಿಗಳೂ ರಾತ್ರೋರಾತ್ರಿ ರದ್ದಾದವು. ಟೌನ್ ಹಾಲ್ ಮುಂದೆ ಇತಿಹಾಸಕಾರ ರಾಮಚಂದ್ರ ಗುಹಾ ಅವರನ್ನು ಎಳೆದುಕೊಂಡು ಹೋದದ್ದನ್ನು ಟಿವಿಯಲ್ಲಿ ಎಲ್ಲರೂ ನೋಡಿದ್ದೀರಿ. 2020ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ಆದೇಶ ಕಾನೂನಿನ ಮುಂದೆ ನಿಲ್ಲುವುದಿಲ್ಲ ಎಂದಿತು. ಆದರೆ ಪ್ರತಿಭಟನೆಯ ದಿನ ಕಳೆದು ಎರಡು ತಿಂಗಳಾಗಿತ್ತು. ಈ ತಡವೇ ನನಗೆ ದೊಡ್ಡ ಸಮಸ್ಯೆಯಾಗಿ ಕಾಣುತ್ತದೆ. ಕಳೆದುಹೋದ ದಿನವನ್ನು ಯಾವ ತೀರ್ಪೂ ವಾಪಸ್ ಕೊಡುವುದಿಲ್ಲ.

ಫ್ರೀಡಂ ಪಾರ್ಕ್ ವಿಷಯ ಅಷ್ಟು ಸುಲಭ ಅಲ್ಲ. 1972ರಲ್ಲಿ ಅಹಮದಾಬಾದಿನ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬೀದಿಯಲ್ಲಿ ಸಭೆಗೆ ನಿಯಮ ಹಾಕಬಹುದು, ಆದರೆ ಪೊಲೀಸರ ಇಷ್ಟಕ್ಕೆ ಬಿಟ್ಟು ಪೂರಾ ಮುಚ್ಚುವ ಹಾಗಿಲ್ಲ ಎಂದಿತು. 2018ರಲ್ಲಿ ದೆಹಲಿಯ ಜಂತರ್ ಮಂತರ್‌ನಲ್ಲಿ ಪೂರ್ತಿ ನಿಷೇಧ ಬೇಡ, ನಿಯಮ ಮಾಡಿ ಎಂದಿತು. 2020ರಲ್ಲಿ, ಅದೇ ಪೌರತ್ವ ಕಾಯ್ದೆ ವಿರೋಧಿಸಿ ದೆಹಲಿಯಲ್ಲಿ ರಸ್ತೆಯಲ್ಲೇ ಕೂತಿದ್ದ ಶಾಹೀನ್ ಬಾಗ್ ಪ್ರಕರಣದಲ್ಲಿ ಸಾರ್ವಜನಿಕ ರಸ್ತೆಯನ್ನು ಎಷ್ಟು ದಿನ ಬೇಕಾದರೂ ಹಿಡಿದಿಟ್ಟುಕೊಳ್ಳುವ ಹಕ್ಕು ಇಲ್ಲ ಎಂದಿತು. ಪೀಣ್ಯದವರಿಗೂ ಬೊಮ್ಮನಹಳ್ಳಿಯವರಿಗೂ ಇದರಲ್ಲಿ ಹಿಡಿದುಕೊಳ್ಳಲು ಏನಾದರೂ ಸಿಗುತ್ತದೆ.

ನಾನು ನೋಡುವುದು ಹೀಗೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಮೈಕ್ ಹಾಕುವ ಹಾಗಿಲ್ಲ ಎಂಬ ನಿಯಮ 2000ದಿಂದ ಇದೆ. ನೀವು ಮೈಕ್‌ನಲ್ಲಿ ಏನು ಹೇಳುತ್ತೀರಿ ಎಂದು ಅದು ಕೇಳುವುದಿಲ್ಲ, ಗಂಟೆ ಎಷ್ಟು ಎಂದು ಮಾತ್ರ ಕೇಳುತ್ತದೆ. ಉಳಿದ ಹದಿನಾರು ಗಂಟೆ ನಿಮಗೆ ಬಿಡುತ್ತದೆ. ಇಂಥ ನಿರ್ಬಂಧಕ್ಕೆ ನಾನು ಹೆದರುವುದಿಲ್ಲ. ಆದರೆ ಇಡೀ ಊರಿಗೆ ಒಂದೇ ಜಾಗ ಅಂದಾಗ ಬಿಟ್ಟದ್ದು ತೀರಾ ಕಡಿಮೆ, ಹಿಡಿದುಕೊಂಡದ್ದು ಜಾಸ್ತಿ ಆಯಿತು.

ಹೂವಿನಂಗಡಿ ಮಗ

ಸಿಂಗಪುರದ ಬಗ್ಗೆ ಒಂದು ಮಾತು ಬಿಟ್ಟುಹೋಗಿದೆ. ನಮ್ಮಮ್ಮ ಫುಟ್‌ಪಾತ್‌ನಲ್ಲಿ ಹೂವು ಮಾರಿ ನನ್ನನ್ನು ಓದಿಸಿದವರು. ಹಾಗಾಗಿ ಈ ವಿಷಯ ಹುಡುಕಿ ಓದಿದ್ದೇನೆ.

ಅಲ್ಲಿಯೂ 1960ರ ದಶಕದಲ್ಲಿ ಬೀದಿ ತುಂಬ ತಳ್ಳುಗಾಡಿ ಇದ್ದವು. ಸರ್ಕಾರ ಅವರನ್ನು ಬರೀ ಓಡಿಸಲಿಲ್ಲ. ಮೊದಲು ಎಲ್ಲರ ಹೆಸರು ಬರೆಸಿ ಲೈಸೆನ್ಸ್ ಕೊಟ್ಟರು. ಆಮೇಲೆ ನೀರು, ಚರಂಡಿ, ಸೂರು ಇರುವ ಹಾಕರ್ ಸೆಂಟರ್ ಕಟ್ಟಿ ಅಲ್ಲಿಗೆ ಕರೆದೊಯ್ದರು. ಆ ಕೆಲಸ ಮುಗಿಯಲು 1986ರವರೆಗೆ ಹಿಡಿಯಿತು. ಮನೆಗಳೂ ಅಷ್ಟೇ, ಅಲ್ಲಿನ ಹತ್ತರಲ್ಲಿ ಎಂಟು ಜನ ಸರ್ಕಾರ ಕಟ್ಟಿದ ಮನೆಯಲ್ಲಿದ್ದಾರೆ. ಅಂದರೆ ಜನರಿಂದ ಏನೋ ಕೇಳಿದರು, ಬದಲಿಗೆ ಏನೋ ಕೊಟ್ಟರು. ನಾವು ಸಿಂಗಪುರದಿಂದ ತರುವುದು ಬರೀ ಕೇಳುವ ಅರ್ಧವನ್ನು.

ನಮ್ಮಲ್ಲಿ ಕಾನೂನು ಇಲ್ಲವಾ? ಇದೆ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ. ಸಮೀಕ್ಷೆ ಆಗದೆ ಯಾರನ್ನೂ ಎಬ್ಬಿಸುವ ಹಾಗಿಲ್ಲ. ಎಬ್ಬಿಸುವ ಮೊದಲು 30 ದಿನದ ನೋಟಿಸ್ ಕೊಡಬೇಕು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇಕಡ 40ರಷ್ಟು ವ್ಯಾಪಾರಿಗಳೇ ಇರಬೇಕು. ಆದರೆ ನಮ್ಮಮ್ಮನ ಬುಟ್ಟಿಯನ್ನು ಲಾರಿಗೆ ಹಾಕಿಕೊಂಡು ಹೋದಾಗ ಒಂದು ಚೀಟಿಯೂ ಕೊಡಲಿಲ್ಲ. ಅವತ್ತಿನ ಮಲ್ಲಿಗೆಗೆ ಕೊಟ್ಟ ಬಂಡವಾಳ ಬಡ್ಡಿ ದುಡ್ಡು. ಫುಟ್‌ಪಾತ್‌ನಲ್ಲಿ ನಡೆಯುವವರಿಗೆ ಜಾಗ ಬೇಕು, ನಾನೂ ನಡೆಯುವವನೇ. ಕಾಯ್ದೆಯಲ್ಲಿ ಎರಡಕ್ಕೂ ಜಾಗ ಇದೆ. ಅದನ್ನು ಪಾಲಿಸಿದ್ದರೆ ಸಾಕಿತ್ತು.

ಪೀಣ್ಯ ಎರಡನೇ ಹಂತ

ತಮ್ಮಾ, ಹಾಕರ್ ಸೆಂಟರ್ ವಿಷಯ ನನಗೆ ಗೊತ್ತಿರಲಿಲ್ಲ. ಚೆನ್ನಾಗಿ ಹೇಳಿದೆ. ಆದರೆ ಅಲ್ಲಿ ಅದು ಆಗಿದ್ದು ಗಟ್ಟಿ ಸರ್ಕಾರ ಇದ್ದದ್ದಕ್ಕೆ ಎಂದು ನಾನು ಈಗಲೂ ಹೇಳುತ್ತೇನೆ.

ಕೋರ್ಟ್ ಹಾಲ್ 6

ಗಟ್ಟಿ ಸರ್ಕಾರ ಎಲ್ಲ ಕಡೆ ಹೊಟ್ಟೆ ತುಂಬಿಸಿಲ್ಲ ಸರ್. 1958ರಿಂದ ಚೀನಾದಲ್ಲಿ ಬಂದ ಕ್ಷಾಮದಲ್ಲಿ ಕೋಟಿಗಟ್ಟಲೆ ಜನ ಸತ್ತರು. ಬೆಳೆ ಭರ್ಜರಿ ಎಂದು ಕೆಳಗಿನವರು ಸುಳ್ಳು ಲೆಕ್ಕ ಕಳಿಸಿದರು, ಇಲ್ಲ ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ. ನಮ್ಮಲ್ಲಿ ದೊಡ್ಡ ಕ್ಷಾಮ ಕೊನೆಗೆ ಬಂದದ್ದು 1943ರಲ್ಲಿ, ಬಂಗಾಳದಲ್ಲಿ, ಬ್ರಿಟಿಷರ ಕಾಲದಲ್ಲಿ. ಸ್ವಾತಂತ್ರ್ಯದ ನಂತರ ಹಸಿವು ಇತ್ತು, ಈಗಲೂ ಇದೆ. ಆದರೆ ಅಷ್ಟು ಜನ ಸಾಯುವವರೆಗೆ ಸುದ್ದಿ ಮುಚ್ಚಿಡಲು ಆಗಲಿಲ್ಲ. ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಇದನ್ನೇ ಮತ್ತೆ ಮತ್ತೆ ಹೇಳಿದ್ದು. ಬಾಯಿ ಬಿಡುವ ಸ್ವಾತಂತ್ರ್ಯ ಹೊಟ್ಟೆ ತುಂಬಿದ ಮೇಲಿನ ಮಾತಲ್ಲ, ಹೊಟ್ಟೆ ತುಂಬಬೇಕಾದರೂ ಅದು ಬೇಕು.

ವಾರ್ಡ್ ಸಿಸ್ಟರ್

2025ರ ಜೂನ್ 4 ಯಾರೂ ಎತ್ತಲಿಲ್ಲ. ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ ಕಾಲ್ತುಳಿತದಲ್ಲಿ 11 ಜನ ಹೋದರು. ಹೆಚ್ಚಿನವರು ಚಿಕ್ಕ ವಯಸ್ಸಿನವರು. ಒಳಗೆ ಹಿಡಿಯುವುದು ಸುಮಾರು 35 ಸಾವಿರ, ಹೊರಗೆ ಲಕ್ಷಗಟ್ಟಲೆ ಜನ. ಅದು ಪ್ರತಿಭಟನೆ ಅಲ್ಲ, ಆರ್‌ಸಿಬಿ ಕ್ರಿಕೆಟ್ ತಂಡ ಗೆದ್ದ ಸಂಭ್ರಮ. ನೂರು ಜನ ಬ್ಯಾನರ್ ಹಿಡಿದು ನಿಲ್ಲಲು ಇಷ್ಟೆಲ್ಲ ನಿಯಮ ಇರುವ ಊರಲ್ಲಿ ಆ ದಿನ ಅಷ್ಟು ದೊಡ್ಡ ಜನಸಾಗರಕ್ಕೆ ತಯಾರಿ ಇರಲಿಲ್ಲ. ಸುವ್ಯವಸ್ಥೆ ಅಂದರೆ ಜನರ ಜೀವ ಕಾಯುವುದು. ಆಮೇಲೆ ಸರ್ಕಾರ ಜನಸಂದಣಿ ನಿಯಂತ್ರಣಕ್ಕೆ ಮಸೂದೆ ತಂದಿತು. ಅದನ್ನು ಸಂಭ್ರಮಗಳಿಗೆ ಬಳಸಲಿ, ಮನವಿ ಕೊಡಲು ಬಂದವರ ಮೇಲಲ್ಲ.

ನಿವೃತ್ತ ಮೇಷ್ಟ್ರು, ಬಸವನಗುಡಿ

ಚುನಾವಣೆ ನಿಲ್ಲಿಸಿದ್ದು ಅಕ್ಷಮ್ಯ. ಅದರ ಬಗ್ಗೆ ನನ್ನ ತಲೆಮಾರು ಸುಮ್ನೆ ಕೂತಿದ್ದು ನನಗೂ ನೋವಿನ ವಿಷಯ. ಹಾಗಂತ ರಸ್ತೆ ತಡೆಯನ್ನು ಒಪ್ಪಲಾರೆ. ರಸ್ತೆಯ ಪಕ್ಕ, ಮೈದಾನದಲ್ಲಿ, ಕಚೇರಿಯ ಎದುರು ನಿಲ್ಲಲಿ. ಜಾಗ ಹೆಚ್ಚಿಸಿ ಎಂದು ಕೇಳುವುದಾದರೆ ನನ್ನ ಸಹಿ ಇದೆ.

ಹನುಮಂತನಗರದವನು

ಹಾಗಾದರೆ ಒಂದು ಮನವಿ ಬರೆಯೋಣವಾ? ಈಗ ಐದು ಪಾಲಿಕೆ ಇವೆ. ಒಂದೊಂದರಲ್ಲೂ ಕನಿಷ್ಠ ಒಂದು ಜಾಗ ಗುರುತಿಸಲಿ. ಅನುಮತಿ ಇಲ್ಲ ಎಂದರೆ ಕಾರಣ ಬರೆದು ಕೊಡಲಿ, ಕೋರ್ಟ್‌ಗೆ ಹೋಗಲು ಸಮಯ ಉಳಿಯುವ ಹಾಗೆ ಮೊದಲೇ ಕೊಡಲಿ. ಆಂಬುಲೆನ್ಸ್‌ಗೆ ಒಂದು ಸಾಲು ಯಾವಾಗಲೂ ಖಾಲಿ ಇರಲಿ. ರೋಡ್‌ಶೋ, ವಿಜಯೋತ್ಸವ, ಪ್ರತಿಭಟನೆ ಎಲ್ಲಕ್ಕೂ ಒಂದೇ ನಿಯಮ.

ಪೀಣ್ಯ ಎರಡನೇ ಹಂತ

ಬೆಳಿಗ್ಗೆ ಎಂಟರಿಂದ ಹನ್ನೊಂದು, ಸಂಜೆ ಐದರಿಂದ ಎಂಟು ಬೇಡ ಎಂದು ಸೇರಿಸಿದರೆ ನಾನೂ ಸಹಿ ಹಾಕುತ್ತೇನೆ.

ಬೊಮ್ಮನಹಳ್ಳಿ ಟೈಲರ್

ನಮಗೆ ಫ್ಯಾಕ್ಟರಿ ಬಿಡುವುದೇ ಸಂಜೆ ಅಣ್ಣಾವ್ರೇ. ಐದರಿಂದ ಎಂಟು ಬೇಡ ಅಂದರೆ ಒಂದು ದಿನದ ಸಂಬಳ ಬಿಟ್ಟು ಬರಬೇಕು. ಬಸ್ಸಿಗೆ ಟಿಕೆಟ್ ಇಲ್ಲ ನಿಜ, ಆದರೆ ಹಾಜರಾತಿ ಬೋನಸ್ ಹೋಗುತ್ತದೆ. ಭಾನುವಾರ ಮಾಡಿ ಎನ್ನಬಹುದು, ಅವತ್ತು ಮನವಿ ತೆಗೆದುಕೊಳ್ಳುವ ಅಧಿಕಾರಿಯೇ ಇರುವುದಿಲ್ಲ. ಸಂಜೆ ನಮ್ಮ ಏರಿಯಾದ ಮೈದಾನದಲ್ಲೇ ಸೇರುತ್ತೇವೆ, ರಸ್ತೆಗೆ ಬರುವುದಿಲ್ಲ. ಆದರೆ ಸಂಬಂಧಪಟ್ಟ ಅಧಿಕಾರಿ ಅಲ್ಲಿಗೇ ಬಂದು ಮನವಿ ತೆಗೆದುಕೊಳ್ಳಬೇಕು, ಎಷ್ಟು ದಿನದಲ್ಲಿ ಉತ್ತರ ಎಂದು ಬರೆದು ಕೊಡಬೇಕು. ಇದನ್ನು ಸೇರಿಸುತ್ತೀರಾ?

ಪೀಣ್ಯ ಎರಡನೇ ಹಂತ

ಮೈದಾನದಲ್ಲಾದರೆ ಸಂಜೆಗೆ ನನ್ನ ತಕರಾರು ಇಲ್ಲ. ರಸ್ತೆಗೆ ಬಂದರೆ ಇದೆ.

ಕೋರ್ಟ್ ಹಾಲ್ 6

ಅಧಿಕಾರಿ ಬರಬೇಕು ಎಂಬುದು ಈ ಮನವಿಯ ಮುಖ್ಯ ಅಂಶ ಆಗಬೇಕು, ಕೊನೆಯ ಸಾಲಲ್ಲ. ಕರಡು ಬರೆದು ಶುಕ್ರವಾರದೊಳಗೆ ಇಲ್ಲೇ ಹಾಕುತ್ತೇನೆ. ಸಿಸ್ಟರ್, ಆಂಬುಲೆನ್ಸ್ ಸಾಲಿನ ಬಗ್ಗೆ ನಿಮಗೆ ಬೇಕಾದದ್ದನ್ನು ನೀವೇ ಬರೆದು ಕಳಿಸಿ. ಮೇಷ್ಟ್ರೇ, ಭಾಷೆ ನೀವು ತಿದ್ದಿಕೊಡಿ.